ಚೀನಾದ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಲಿಸನಿಂಗ್, ರೀಡಿಂಗ್ ಪರೀಕ್ಷೆ ತಯಾರಿಸುವುದು ಹೇಗೆ?

ಚೀನಾದ ಹೈಸ್ಕೂಲ್ ವಿದ್ಯಾರ್ಥಿಯ ಮುಂದೆ ಇಂಗ್ಲಿಷ್ ಪ್ರಶ್ನೆಪತ್ರಿಕೆ ಇಟ್ಟರೆ ಅವನ ಕಣ್ಣು ಮೊದಲು ಹೋಗುವುದು ಪ್ಯಾಸೇಜ್ ಕಡೆಗಲ್ಲ, ಪ್ರಶ್ನೆಗಳ ಕಡೆಗೆ. ಆಡಿಯೊ ಶುರುವಾಗುವ ಮೊದಲೇ ಆಪ್ಷನ್‌ಗಳನ್ನೆಲ್ಲ ಓದಿ ಮುಖ್ಯ ಪದಗಳ ಕೆಳಗೆ ಗೆರೆ ಎಳೆದಿರುತ್ತಾನೆ. ಪ್ಯಾಸೇಜ್‌ನಲ್ಲಿರುವ ಪದವೇ ಆಪ್ಷನ್‌ನಲ್ಲೂ ಹಾಗೇ ಕಂಡರೆ ಅನುಮಾನ ಪಡುತ್ತಾನೆ. ‘ಆಲ್ವೇಸ್’, ‘ಓನ್ಲಿ’ ಇರುವ ಉತ್ತರವನ್ನು ಬದಿಗಿಡುತ್ತಾನೆ. ಇದೆಲ್ಲ ವರ್ಷಗಟ್ಟಲೆ ಅಭ್ಯಾಸದಿಂದ ಬಂದದ್ದು. ಹಾಗಾಗಿ ಅವನಿಗೆ ಸುಮ್ನೆ ಒಂದು ಪತ್ರಿಕೆ ಕೊಟ್ಟು ಅಂಕ ಎಣಿಸಿದರೆ ಅವನ ಇಂಗ್ಲಿಷ್ ಎಷ್ಟು ಅಂತ ಗೊತ್ತಾಗುವುದಿಲ್ಲ. ಪರೀಕ್ಷೆ ಬರೆಯುವ ಪಳಗಿಕೆ ಎಷ್ಟಿದೆ ಅಂತ ಮಾತ್ರ ಗೊತ್ತಾಗುತ್ತದೆ.

ಈ ಎರಡನ್ನೂ ಬೇರೆ ಮಾಡಿ ನೋಡುವ ಪರೀಕ್ಷೆಯನ್ನು ಹೇಗೆ ಕಟ್ಟುವುದು ಅನ್ನುವುದು ಇಲ್ಲಿನ ವಿಷಯ. ಚೀನಾದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಕನ್ನಡಿಗರಿಗೆ, ಅಲ್ಲಿನ ಶಾಲೆಯೊಂದರ ಜತೆ ಸೇರಿ ಸಂಶೋಧನೆ ಮಾಡುವವರಿಗೆ, ಬೇರೆ ದೇಶದಲ್ಲಿ ಚೀನೀ ವಿದ್ಯಾರ್ಥಿಗಳಿಗೆ ಪಾಠ ಹೇಳುವವರಿಗೆ ಇದು ಕೆಲಸಕ್ಕೆ ಬರಬಹುದು. ಇಲ್ಲಿ ಹೈಸ್ಕೂಲ್ ಅಂದರೆ ಚೀನಾದ ಹಿರಿಯ ಹೈಸ್ಕೂಲ್: 10, 11, 12ನೇ ತರಗತಿ. ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯ ಎರಡು ವರ್ಷ.

ಹೆಜ್ಜೆ 1: ಪರೀಕ್ಷೆ ಯಾಕೆ ಅಂತ ಒಂದೇ ಸಾಲಿನಲ್ಲಿ ಬರೆದಿಡಿ

ಮಕ್ಕಳನ್ನು ಹಂತವಾರು ತರಗತಿಗೆ ಹಾಕಲು ಪರೀಕ್ಷೆಯೇ? ಯಾರಿಗೆ ಎಲ್ಲಿ ತೊಡಕು ಅಂತ ಹುಡುಕಲೇ? ಕಾಲೇಜು ಪ್ರವೇಶ ಪರೀಕ್ಷೆಗೆ ತಯಾರಿಯೇ? ಇಲ್ಲಾ ಸಂಶೋಧನೆಗೆ ಅಂಕಿ ಬೇಕೇ? ಒಂದೇ ಪತ್ರಿಕೆಯಿಂದ ಈ ನಾಲ್ಕೂ ಆಗುವುದಿಲ್ಲ. ಪ್ರವೇಶ ಪರೀಕ್ಷೆಯ ತಯಾರಿಯಾದರೆ ಅದೇ ಮಾದರಿಯ ಪತ್ರಿಕೆ ಕೊಡಿ, ಹೊಸದು ಕಟ್ಟುವ ಶ್ರಮ ಬೇಡ. ತೊಡಕು ಹುಡುಕಬೇಕಾದರೆ ಮಾತ್ರ ಮುಂದಿನ ಹೆಜ್ಜೆಗಳೆಲ್ಲ ಬೇಕಾಗುತ್ತವೆ.

ಹೆಜ್ಜೆ 2: ಮಕ್ಕಳಿಗೆ ಯಾವ ಪತ್ರಿಕೆ ಅಭ್ಯಾಸವಾಗಿದೆ ಅಂತ ತಿಳಿಯಿರಿ

ಅಲ್ಲಿನ ಹೈಸ್ಕೂಲ್ ಬದುಕು ಪೂರ್ತಿ ಗಾವೊಕಾವೊ ಎಂಬ ಪ್ರವೇಶ ಪರೀಕ್ಷೆಯ ಸುತ್ತ ನಡೆಯುತ್ತದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಇದು 1977ರಲ್ಲಿ ಮತ್ತೆ ಶುರುವಾಯಿತು. ಈಗ ಪ್ರತಿ ವರ್ಷ ಜೂನ್ 7, 8ರಂದು ನಡೆಯುತ್ತದೆ, ಕೆಲವು ಪ್ರಾಂತ್ಯಗಳಲ್ಲಿ ಇನ್ನೂ ಒಂದೆರಡು ದಿನ ಜಾಸ್ತಿ. 2024ರಲ್ಲಿ 1 ಕೋಟಿ 34 ಲಕ್ಷ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿದ್ದರು.

ಹೆಚ್ಚಿನ ಪ್ರಾಂತ್ಯಗಳು ಬಳಸುವ ರಾಷ್ಟ್ರಮಟ್ಟದ ಹೊಸ ಮಾದರಿಯಲ್ಲಿ ಇಂಗ್ಲಿಷ್‌ಗೆ 150 ಅಂಕ, 120 ನಿಮಿಷ. ಲಿಸನಿಂಗ್‌ಗೆ 20 ಪ್ರಶ್ನೆ, 30 ಅಂಕ. ರೀಡಿಂಗ್‌ಗೆ 50 ಅಂಕ. ಅದರಲ್ಲಿ ನಾಲ್ಕು ಪ್ಯಾಸೇಜ್‌ಗಳ ಮೇಲೆ 15 ಪ್ರಶ್ನೆ, ಪ್ರತಿಯೊಂದಕ್ಕೂ ಎರಡೂವರೆ ಅಂಕ. ಜತೆಗೆ ಐದು ಖಾಲಿ ಜಾಗಗಳಿರುವ ಒಂದು ಲೇಖನ ಕೊಟ್ಟು, ಏಳು ವಾಕ್ಯಗಳಲ್ಲಿ ಸರಿಯಾದ ಐದನ್ನು ಆರಿಸಿ ತುಂಬಿಸುವ ಪ್ರಶ್ನೆ. ಉಳಿದದ್ದು ಕ್ಲೋಝ್ (ಲೇಖನದ ಖಾಲಿ ಜಾಗಗಳಿಗೆ ಸರಿಯಾದ ಪದ ಆರಿಸಿ ತುಂಬಿಸುವುದು), ವ್ಯಾಕರಣ ಮತ್ತು ಬರವಣಿಗೆ.

ಲಿಸನಿಂಗ್‌ನ ಒಳಗಿನ ಕ್ರಮವೂ ಮಕ್ಕಳಿಗೆ ಬಾಯಿಪಾಠ. ಮೊದಲು ಐದು ಚಿಕ್ಕ ಸಂಭಾಷಣೆ, ಒಂದೇ ಸಲ ಕೇಳಿಸುತ್ತಾರೆ, ಒಂದೊಂದರ ನಂತರ 10 ಸೆಕೆಂಡ್ ಬಿಡುವು. ಆಮೇಲೆ ಐದು ಉದ್ದನೆಯ ಸಂಭಾಷಣೆ ಅಥವಾ ಒಬ್ಬರೇ ಮಾತಾಡುವ ತುಣುಕು. ಇವನ್ನು ಎರಡು ಸಲ ಕೇಳಿಸುತ್ತಾರೆ. ಪ್ರತಿ ಪ್ರಶ್ನೆ ಓದಲು 5 ಸೆಕೆಂಡ್, ಉತ್ತರಿಸಲು 5 ಸೆಕೆಂಡ್. ಪತ್ರಿಕೆಯಲ್ಲಿ ಬರುವ ಮಾದರಿ ಪ್ರಶ್ನೆಯೂ ವರ್ಷದಿಂದ ವರ್ಷಕ್ಕೆ ಅದೇ: ‘ಹೌ ಮಚ್ ಈಸ್ ದ ಶರ್ಟ್?’ ಉತ್ತರ ಸಿ, 9 ಪೌಂಡ್ 15 ಪೆನ್ಸ್. ಚೀನಾದ ಯಾವ ಹೈಸ್ಕೂಲ್ ವಿದ್ಯಾರ್ಥಿಯನ್ನು ಕೇಳಿದರೂ ಇದು ಗೊತ್ತಿರುತ್ತದೆ.

ನಮ್ಮ ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಆಡಿಯೊ ಕೇಳಿ ಉತ್ತರಿಸುವ ಭಾಗವೇ ಇಲ್ಲ. ಹಾಗಾಗಿ ಕರ್ನಾಟಕದಲ್ಲಿ ಓದಿ ಬಂದ ಶಿಕ್ಷಕರಿಗೆ ಈ ಲಿಸನಿಂಗ್ ಲೋಕ ಹೊಸದು ಅನ್ನಿಸುತ್ತದೆ. ಪ್ರಶ್ನೆ ಬರೆಯಲು ಕೂರುವ ಮೊದಲು ಹಳೆಯ ಎರಡು ಮೂರು ಪತ್ರಿಕೆಗಳನ್ನು ಆಡಿಯೊ ಹಾಕಿಕೊಂಡು ನೀವೇ ಬರೆದು ನೋಡಿ.

ಪ್ರಾಂತ್ಯವನ್ನೂ ಕೇಳಿಕೊಳ್ಳಿ. ಬೀಜಿಂಗ್‌ನಲ್ಲಿ ಲಿಸನಿಂಗ್ ಮತ್ತು ಸ್ಪೀಕಿಂಗ್ ಎರಡೂ ಸೇರಿ 50 ಅಂಕ, ಕಂಪ್ಯೂಟರ್ ಮುಂದೆ ಕೂತು ಬರೆಯಬೇಕು, ವರ್ಷಕ್ಕೆ ಎರಡು ಅವಕಾಶ. ಬೀಜಿಂಗ್ ಪತ್ರಿಕೆಯಲ್ಲಿ ಓದಿ ತಮ್ಮ ಮಾತಿನಲ್ಲಿ ಬರೆಯುವ ಸಣ್ಣ ಪ್ರಶ್ನೆಗಳೂ ಇವೆ. ಶಾಂಘೈ ಮತ್ತು ಝೆಜಿಯಾಂಗ್‌ನಲ್ಲೂ ಇಂಗ್ಲಿಷ್ ಪರೀಕ್ಷೆ ವರ್ಷಕ್ಕೆ ಎರಡು ಸಲ. ಗುವಾಂಗ್‌ಡಾಂಗ್‌ನ ಮಕ್ಕಳಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಜತೆ ಮಾತಾಡುವ ಪರೀಕ್ಷೆ ಮಾಮೂಲು.

ಇನ್ನೊಂದು ಮಾತನ್ನು ಹೊರಗಿನಿಂದ ಬಂದವರು ಕೇಳುವುದೇ ಇಲ್ಲ. ಗಾವೊಕಾವೊದಲ್ಲಿ ವಿದೇಶಿ ಭಾಷೆ ಅಂದರೆ ಇಂಗ್ಲಿಷ್ ಒಂದೇ ಅಲ್ಲ. ಜಪಾನಿ, ರಷ್ಯನ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಕೂಡ ತೆಗೆದುಕೊಳ್ಳಬಹುದು. ನಿಮ್ಮ ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಜಪಾನಿಗೆ ಹೋದವರು ನಾಲ್ಕೈದು ಜನ ಇರಬಹುದು. ಅವರ ಅಂಕವನ್ನು ಉಳಿದವರ ಜತೆ ಸೇರಿಸಿ ಸರಾಸರಿ ತೆಗೆದರೆ ಲೆಕ್ಕವೆಲ್ಲ ಕೆಡುತ್ತದೆ.

ಹೆಜ್ಜೆ 3: ಮಟ್ಟ ನಿಗದಿ ಮಾಡಿ

ಇಲ್ಲಿ ಎರಡು ಸರ್ಕಾರಿ ದಾಖಲೆಗಳು ಆಧಾರ. ಒಂದು, ಹಿರಿಯ ಹೈಸ್ಕೂಲ್ ಇಂಗ್ಲಿಷ್ ಪಠ್ಯಕ್ರಮ. 2017ರಲ್ಲಿ ರೂಪಿಸಿ 2020ರಲ್ಲಿ ಪರಿಷ್ಕರಿಸಿದ್ದು. ಇದರ ಪ್ರಕಾರ ಕಡ್ಡಾಯ ಭಾಗ ಮುಗಿಸಿದವನಿಗೆ ಸುಮಾರು 2,000 ಪದ, ಪ್ರವೇಶ ಪರೀಕ್ಷೆ ಬರೆಯುವವನಿಗೆ ಸುಮಾರು 3,000 ಪದ ಗೊತ್ತಿರಬೇಕು. ವಿಷಯಗಳನ್ನು ಮೂರು ಗುಂಪು ಮಾಡಿದ್ದಾರೆ: ಮನುಷ್ಯ ಮತ್ತು ತಾನು, ಮನುಷ್ಯ ಮತ್ತು ಸಮಾಜ, ಮನುಷ್ಯ ಮತ್ತು ಪ್ರಕೃತಿ. ಎರಡನೆಯದು 2018ರಲ್ಲಿ ಬಂದ ಚೀನಾದ ಇಂಗ್ಲಿಷ್ ಸಾಮರ್ಥ್ಯ ಮಾನದಂಡ. ಇದರಲ್ಲಿ 9 ಹಂತ ಇವೆ. ಹೈಸ್ಕೂಲ್ ಮುಗಿಸುವವರು ಹೆಚ್ಚುಕಮ್ಮಿ 4ನೇ ಹಂತದ ಹತ್ತಿರ ಇರುತ್ತಾರೆ ಅಂತ ಇಟ್ಟುಕೊಂಡು ಶುರು ಮಾಡಿ.

10ನೇ ತರಗತಿಯವರಿಗೆ 3,000 ಪದಗಳ ಮಟ್ಟದ ಪ್ಯಾಸೇಜ್ ಕೊಟ್ಟು ‘ಇವರಿಗೆ ಓದಲು ಬರಲ್ಲ’ ಅನ್ನುವುದು ಅನ್ಯಾಯ. ಮೊದಲು ಪದಪಟ್ಟಿ ಎದುರಿಗಿಟ್ಟುಕೊಳ್ಳಿ.

ಹೆಜ್ಜೆ 4: ಪ್ಯಾಸೇಜ್ ಆರಿಸಿ

ಹಳೆಯ ಪ್ರಶ್ನೆಪತ್ರಿಕೆಯಿಂದ, ಅಂಗಡಿಯಲ್ಲಿ ಸಿಗುವ ಅಭ್ಯಾಸ ಪುಸ್ತಕದಿಂದ ತೆಗೆಯಬೇಡಿ. ಅವನ್ನು ಈ ಮಕ್ಕಳು ಮಾಡಿ ಮುಗಿಸಿರುವ ಸಾಧ್ಯತೆ ತುಂಬಾ ಜಾಸ್ತಿ. ಚೀನೀ ವಿದ್ಯಾರ್ಥಿಗಳು ‘ಶ್ವಾ ತಿ’ ಅನ್ನುತ್ತಾರಲ್ಲ, ಪ್ರಶ್ನೆಗಳನ್ನು ರಾಶಿ ರಾಶಿ ಬಿಡಿಸುವುದು, ಅದರಲ್ಲಿ ಯಾವ ಪ್ಯಾಸೇಜ್ ಬಿಟ್ಟಿದ್ದಾರೆ ಅಂತ ಹೇಳುವುದು ಕಷ್ಟ. ನೀವೇ ಬರೆಯಿರಿ. ಅಥವಾ ಹೊಸ ಲೇಖನವೊಂದನ್ನು ಅನುಮತಿ ಪಡೆದು ಸರಳ ಮಾಡಿಕೊಳ್ಳಿ.

ಒಂದೊಂದು ಪ್ಯಾಸೇಜ್ ಸುಮಾರು 300 ಪದ ಇದ್ದರೆ ಸಾಕು. ನಾಲ್ಕೂ ಒಂದೇ ತರಹ ಇರಬಾರದು. ಒಂದು ದಿನಬಳಕೆಯದು, ಅಂದರೆ ಮ್ಯೂಸಿಯಂ ಸಮಯಪಟ್ಟಿ, ಬೇಸಿಗೆ ಶಿಬಿರದ ಪ್ರಕಟಣೆ ಇಂಥದ್ದು. ಒಂದು ಯಾರದಾದರೂ ಕಥೆ. ಒಂದು ವಿಷಯ ವಿವರಿಸುವಂಥದ್ದು. ಒಂದು ವಾದ ಮಾಡುವಂಥದ್ದು.

ಗೊತ್ತಿಲ್ಲದ ಪದಗಳನ್ನು ಎಣಿಸಿ. ಯಾರ ಸಹಾಯವೂ ಇಲ್ಲದೆ ಓದಿ ಅರ್ಥ ಮಾಡಿಕೊಳ್ಳಲು ನೂರಕ್ಕೆ 98 ಪದ ಗೊತ್ತಿರಬೇಕು, ಕನಿಷ್ಠ 95 ಆದರೂ ಬೇಕು ಅನ್ನುವುದು ಈ ಕ್ಷೇತ್ರದಲ್ಲಿ ಬಹಳ ಜನ ಒಪ್ಪಿರುವ ಲೆಕ್ಕ. 300 ಪದಗಳ ಪ್ಯಾಸೇಜ್‌ಗೆ ಇದನ್ನು ಹಚ್ಚಿದರೆ 6 ಹೊಸ ಪದ ಇದ್ದರೆ ಸುಲಭ, 15 ದಾಟಿದರೆ ಅದು ಓದಿನ ಪರೀಕ್ಷೆ ಆಗಿ ಉಳಿಯುವುದಿಲ್ಲ, ಪದಜ್ಞಾನದ ಪರೀಕ್ಷೆ ಆಗುತ್ತದೆ. ಎಣಿಸಲು ಆಂಟ್‌ವರ್ಡ್‌ಪ್ರೊಫೈಲರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಪಠ್ಯಕ್ರಮದ ಪದಪಟ್ಟಿಯನ್ನು ಅದಕ್ಕೆ ಕೊಟ್ಟರೆ ಪಟ್ಟಿಯ ಹೊರಗಿನ ಪದಗಳನ್ನು ಅದೇ ತೋರಿಸುತ್ತದೆ. ವಾಕ್ಯದ ಉದ್ದ ನೋಡಿ ಮಟ್ಟ ಹೇಳುವ ಆನ್‌ಲೈನ್ ಸೂತ್ರಗಳನ್ನು ಮಾತ್ರ ಪೂರ್ತಿ ನಂಬಬೇಡಿ. ಅವು ಇಂಗ್ಲಿಷ್ ಮಾತೃಭಾಷೆಯ ಮಕ್ಕಳಿಗಾಗಿ ಮಾಡಿದವು.

ವಾಕ್ಯರಚನೆಯ ಕಡೆಗೂ ಗಮನ ಇರಲಿ. ‘ದ ಬಾಯ್ ಹೂ ಸ್ಯಾಟ್ ನಿಯರ್ ದ ವಿಂಡೋ ಯೆಸ್ಟರ್‌ಡೇ’ ಅನ್ನುವುದನ್ನು ನಾವು ‘ನಿನ್ನೆ ಕಿಟಕಿ ಪಕ್ಕ ಕೂತಿದ್ದ ಹುಡುಗ’ ಅಂತೀವಿ. ವಿವರಣೆ ಮೊದಲು, ಹುಡುಗ ಕೊನೆಗೆ. ಚೀನೀ ಭಾಷೆಯಲ್ಲೂ ಇದೇ ಕ್ರಮ. ಅದಕ್ಕೇ ಇಂಗ್ಲಿಷ್‌ನಲ್ಲಿ ನಾಮಪದದ ನಂತರ ಉದ್ದ ವಿವರಣೆ ಬಂದಾಗ ಅವರ ಓದು ನಿಧಾನವಾಗುತ್ತದೆ. ಕನ್ನಡದವರಾದ ನಮಗೆ ಈ ಕಷ್ಟ ಒಳಗಿನಿಂದಲೇ ಗೊತ್ತು. ಇಂಥ ವಾಕ್ಯ ಎಷ್ಟು ಇರಬೇಕು ಅಂತ ಯೋಚಿಸಿಯೇ ಇಡಿ. ತೊಡಕು ಹುಡುಕುವ ಪರೀಕ್ಷೆಯಾದರೆ ಅಂಥ ವಾಕ್ಯದ ಮೇಲೇ ಒಂದು ಪ್ರಶ್ನೆ ಇರಲಿ.

ಹೆಜ್ಜೆ 5: ಲಿಸನಿಂಗ್ ಆಡಿಯೊ ತಯಾರಿಸಿ

ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಬೇಕಾದದ್ದು ಇಲ್ಲಿ. ರೀಡಿಂಗ್ ಚೆನ್ನಾಗಿದ್ದು ಲಿಸನಿಂಗ್ ಕುಸಿಯುವ ಮಕ್ಕಳು ಚೀನಾದಲ್ಲಿ ತುಂಬಾ ಇದ್ದಾರೆ. ಕಾಗದದ ಮೇಲೆ ನೋಡಿದರೆ ತಕ್ಷಣ ಗುರುತು ಹಿಡಿಯುವ ಪದವನ್ನೇ ಅವರ ಕಿವಿ ಹಿಡಿಯುವುದಿಲ್ಲ. ಇದಕ್ಕೆ ಕಾರಣ ಹೆಚ್ಚಾಗಿ ಭಾಷೆಯ ಧ್ವನಿಯಲ್ಲೇ ಇದೆ.

ಚೀನಾದ ಅಧಿಕೃತ ಭಾಷೆ ಮ್ಯಾಂಡರಿನ್‌ನಲ್ಲಿ ಅಕ್ಷರ ಮುಗಿಯುವುದು ಸ್ವರದಲ್ಲಿ, ಇಲ್ಲವೇ ‘ನ್’, ‘ಙ್’ ಧ್ವನಿಯಲ್ಲಿ, ಕೆಲವು ಕಡೆ ‘ರ್’ ಧ್ವನಿಯಲ್ಲಿ. ‘ಟ್’, ‘ಪ್’, ‘ಡ್’, ‘ಕ್’ ಕೊನೆಯಲ್ಲಿ ಬರುವುದೇ ಇಲ್ಲ. ನಾವು ‘ಬಸ್’ ಅನ್ನುವುದನ್ನು ‘ಬಸ್ಸು’ ಮಾಡಿಕೊಂಡ ಹಾಗೆಯೇ ಅವರ ಕಿವಿಯೂ ಪದದ ಕೊನೆಯಲ್ಲಿ ಸ್ವರ ಹುಡುಕುತ್ತದೆ. ಹಾಗಾಗಿ ‘ಕ್ಯಾಪ್’, ‘ಕ್ಯಾಟ್’, ‘ಕ್ಯಾಬ್’ ನಡುವಿನ ವ್ಯತ್ಯಾಸ ಕೈತಪ್ಪುತ್ತದೆ. ‘ವಾಕ್’ ಮತ್ತು ‘ವಾಕ್ಡ್’ ನಡುವಿನದು ಇನ್ನೂ ಜಾಸ್ತಿ, ಯಾಕೆಂದರೆ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವ ಅಭ್ಯಾಸವೇ ಅವರ ಭಾಷೆಯಲ್ಲಿಲ್ಲ. ಕ್ಯಾಂಟನೀಸ್ ಮಾತಾಡುವ ಗುವಾಂಗ್‌ಡಾಂಗ್ ಮಕ್ಕಳಿಗೆ ಪದದ ಕೊನೆಯ ‘ಪ್’, ‘ಟ್’, ‘ಕ್’ ಗೊತ್ತು. ಅವರ ಅಂಕ ಇಲ್ಲಿ ಬೇರೆ ತರಹ ಬರಬಹುದು. ಸಿಚುವಾನ್, ಹುಬೆ, ಹುನಾನ್ ಕಡೆಯ ಹಲವರಿಗೆ ‘ನ’ ಮತ್ತು ‘ಲ’ ಬೆರೆತುಹೋಗುತ್ತವೆ. ‘ನೈಟ್’ ಮತ್ತು ‘ಲೈಟ್’ ಒಂದೇ ಥರ ಕೇಳಿಸುತ್ತದೆ. ಫುಜಿಯಾನ್‌ನ ಹಲವು ಕಡೆ ‘ಫ’ ಮತ್ತು ‘ಹ’ ಬೆರೆಯುತ್ತವೆ.

ಇದನ್ನೆಲ್ಲ ತಿಳಿದು ಏನು ಮಾಡಬೇಕು? ಒಂದೇ ಒಂದು ಧ್ವನಿಯ ಮೇಲೆ ಉತ್ತರ ನಿಲ್ಲುವ ಪ್ರಶ್ನೆಯನ್ನು ಗೊತ್ತಿಲ್ಲದೆ ಬರೆಯಬೇಡಿ. ಧ್ವನಿ ಗುರುತಿಸುವುದನ್ನೇ ಪರೀಕ್ಷಿಸಬೇಕಿದ್ದರೆ ಅದನ್ನು ಬೇರೆ ಭಾಗ ಮಾಡಿ, ಅದರ ಅಂಕವನ್ನೂ ಬೇರೆ ಇಡಿ. ‘ವಿ’ ಮತ್ತು ‘ಡಬ್ಲ್ಯು’ ವ್ಯತ್ಯಾಸದಲ್ಲಿ ವಿಶೇಷ ಎಚ್ಚರ ಬೇಕು. ಅದು ಚೀನಾದ ಹಲವರಿಗೂ ಕಷ್ಟ, ಕನ್ನಡ ಕಿವಿಗೂ ಕಷ್ಟ. ನೀವು ಬರೆದ ಪ್ರಶ್ನೆಯಲ್ಲಿ ಅದು ನುಸುಳಿದ್ದು ನಿಮಗೇ ಗೊತ್ತಾಗದೆ ಹೋಗಬಹುದು.

ಸಂಖ್ಯೆಗಳದ್ದು ಬೇರೆಯೇ ಕಥೆ. ಚೀನಾದಲ್ಲಿ ಹತ್ತು ಸಾವಿರವನ್ನು ಒಂದು ಘಟಕ ಮಾಡಿ ಎಣಿಸುತ್ತಾರೆ, ನಾವು ಲಕ್ಷವನ್ನು ಮಾಡುವ ಹಾಗೆ. ‘ತ್ರೀ ಹಂಡ್ರೆಡ್ ಅಂಡ್ ಫಿಫ್ಟಿ ಥೌಸೆಂಡ್’ ಅಂತ ಕೇಳಿದಾಗ ನಾವು ಮೂರೂವರೆ ಲಕ್ಷ ಅಂತ ತಿರುಗಿಸಿಕೊಳ್ಳುತ್ತೇವೆ. ಅವರು 35 ಹತ್ತು ಸಾವಿರ ಅಂತ ತಿರುಗಿಸಿಕೊಳ್ಳಬೇಕು. ಅಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿಬಿಟ್ಟಿರುತ್ತದೆ. ಸಂಭಾಷಣೆಯ ಮುಖ್ಯ ಅರ್ಥ ಕೇಳುವ ಪ್ರಶ್ನೆ ಇದ್ದರೆ ಅದರ ಮುಂಚಿನ ಸಾಲಿನಲ್ಲಿ ದೊಡ್ಡ ಸಂಖ್ಯೆ ಇಡಬೇಡಿ.

ಇಲ್ಲ ಅನ್ನುವ ಪ್ರಶ್ನೆಗಳೂ ಹಾಗೇ. ‘ಡೋಂಟ್ ಯು ಲೈಕ್ ಇಟ್?’ ಅಂತ ಕೇಳಿದಾಗ ಇಷ್ಟವಿಲ್ಲದವರು ಇಂಗ್ಲಿಷ್‌ನಲ್ಲಿ ‘ನೋ’ ಅನ್ನುತ್ತಾರೆ. ನಮ್ಮಲ್ಲಿ ‘ನೀನು ಬರಲ್ವಾ?’ ಅಂದರೆ ‘ಹೂಂ, ಬರಲ್ಲ’ ಅಂತೀವಿ ಅಲ್ವಾ? ಚೀನೀಯರೂ ಹಾಗೇ ಹೇಳುತ್ತಾರೆ. ಈ ಒಂದು ಗೊಂದಲದಿಂದಲೇ ಇಡೀ ಸಂಭಾಷಣೆ ತಿರುಗುಮುರುಗಾಗುತ್ತದೆ. ಇದು ನಿಜವಾದ ಕೇಳುವ ಕೌಶಲ, ಹಾಗಾಗಿ ಒಂದು ಪ್ರಶ್ನೆ ಇರಲಿ. ಎರಡು ಮೂರು ಬೇಡ.

ರೆಕಾರ್ಡಿಂಗ್‌ಗೆ ಇಬ್ಬರು ಬೇಕು, ಒಂದು ಹೆಣ್ಣು ದನಿ, ಒಂದು ಗಂಡು ದನಿ. ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಯಲು ಮಕ್ಕಳು ಒದ್ದಾಡಬಾರದು. ಬರೆದದ್ದನ್ನು ಓದಿದ ಹಾಗೆ ಓದಬೇಡಿ, ಮಾತಾಡಿ. ‘ನಾಟ್ ಅಟ್ ಆಲ್’ ಮಾತಿನಲ್ಲಿ ‘ನಾಟಟಾಲ್’ ಆಗುತ್ತದೆ. ಅದನ್ನು ಬಿಡಿಸಿ ಬಿಡಿಸಿ ಹೇಳಿದರೆ ನೀವು ಪರೀಕ್ಷಿಸುತ್ತಿರುವುದು ಯಾರೂ ಆಡದ ಇಂಗ್ಲಿಷ್ ಅನ್ನು. ವೇಗ ನಿಮಿಷಕ್ಕೆ 120ರಿಂದ 150 ಪದ ಇಟ್ಟುಕೊಂಡರೆ ಈ ಮಟ್ಟಕ್ಕೆ ಹೊಂದುತ್ತದೆ. ಪದ ಎಣಿಸಿ, ಗಡಿಯಾರ ನೋಡಿ ಅಳೆಯಿರಿ. ಕತ್ತರಿಸಲು, ನಡುವೆ ಮೌನ ಸೇರಿಸಲು ಆಡಾಸಿಟಿ ಎಂಬ ಸಾಫ್ಟ್‌ವೇರ್ ಸಾಕು, ಉಚಿತವಾಗಿ ಸಿಗುತ್ತದೆ.

ನಮ್ಮದೇ ದನಿಯಲ್ಲಿ ರೆಕಾರ್ಡ್ ಮಾಡಬಹುದಾ? ಭಾರತದ ಇಂಗ್ಲಿಷ್ ಕೂಡ ಪೂರ್ತಿ ಇಂಗ್ಲಿಷೇ, ಅದರಲ್ಲಿ ಸಂಕೋಚ ಬೇಕಿಲ್ಲ. ಆದರೆ ಈ ಮಕ್ಕಳು ಕೇಳಿ ಬೆಳೆದದ್ದು ಬ್ರಿಟಿಷ್, ಅಮೆರಿಕನ್ ಉಚ್ಚಾರಣೆ. ಪ್ರವೇಶ ಪರೀಕ್ಷೆಯ ಅಂಕದ ಜತೆ ಹೋಲಿಸುವುದಿದ್ದರೆ ಆ ಉಚ್ಚಾರಣೆಯನ್ನೇ ಬಳಸಿ. ಹೊರದೇಶದಲ್ಲಿ ಓದಲು ಹೋಗುವ ಮಕ್ಕಳಾದರೆ ಭಾರತ, ಸಿಂಗಪುರ, ಆಫ್ರಿಕಾದ ದನಿಗಳಿರುವ ಒಂದು ಭಾಗ ಸೇರಿಸುವುದು ತುಂಬಾ ಒಳ್ಳೆಯದು. ಅದರ ಅಂಕ ಮಾತ್ರ ಪ್ರತ್ಯೇಕ ಇರಲಿ.

ಹೆಜ್ಜೆ 6: ಪ್ರಶ್ನೆ ಬರೆಯಿರಿ

ಆಡಿಯೊ ಅಥವಾ ಪ್ಯಾಸೇಜ್ ಇಲ್ಲದೆ ಉತ್ತರಿಸಲು ಆಗಬಾರದು. ಇದು ಮೊದಲ ನಿಯಮ. ಒಂದು ಉದಾಹರಣೆ ಕೊಡುತ್ತೇನೆ. ಒಂದು ಊರಿನ ರಸ್ತೆಯಲ್ಲಿ ಮರ ನೆಟ್ಟರು ಅಂತ ಪ್ಯಾಸೇಜ್ ಇದೆ ಅಂದುಕೊಳ್ಳಿ. ಅಂಗಡಿಯವನೊಬ್ಬ ಎಲೆ ಉದುರುತ್ತದೆ ಅಂತ ಮೊದಲು ವಿರೋಧಿಸುತ್ತಾನೆ. ಆಮೇಲೆ ಬೇಸಿಗೆಯಲ್ಲಿ ನೆರಳಿಗೆ ಬಂದು ನಿಂತ ಜನ ಅವನ ಅಂಗಡಿಗೂ ಬರತೊಡಗುತ್ತಾರೆ, ಅವನು ಮನಸ್ಸು ಬದಲಾಯಿಸುತ್ತಾನೆ. ಇದರ ಮೇಲೆ ‘ಮರಗಳಿಂದ ಏನು ಉಪಯೋಗ?’ ಅಂತ ಕೇಳಿದರೆ ಯಾರೂ ಪ್ಯಾಸೇಜ್ ಓದಬೇಕಿಲ್ಲ. ‘ಅಂಗಡಿಯವನು ಮನಸ್ಸು ಬದಲಾಯಿಸಿದ್ದು ಯಾಕೆ?’ ಅಂತ ಕೇಳಿ. ಆಪ್ಷನ್‌ಗಳು: ಗಾಳಿ ಶುದ್ಧವಾಯಿತು, ಗಿರಾಕಿಗಳು ಹೆಚ್ಚಿದರು, ಎಲೆ ಗುಡಿಸಲು ಜನ ಸಿಕ್ಕರು, ಹಕ್ಕಿಗಳು ವಾಪಸ್ ಬಂದವು. ನಾಲ್ಕೂ ನಂಬುವ ಹಾಗಿವೆ. ಓದಿದವನಿಗೆ ಮಾತ್ರ ಎರಡನೆಯದು ಸರಿ ಅಂತ ಗೊತ್ತಾಗುತ್ತದೆ.

ತಪ್ಪು ಆಪ್ಷನ್‌ಗಳಿಗೂ ಸರಿ ಉತ್ತರಕ್ಕೆ ಕೊಟ್ಟಷ್ಟೇ ಸಮಯ ಕೊಡಿ. ಸರಿ ಉತ್ತರ ಒಂದೇ ಉದ್ದವಾಗಿ, ವಿವರವಾಗಿ ಇದ್ದರೆ ಈ ಮಕ್ಕಳು ಕಣ್ಣು ಮುಚ್ಚಿ ಅದನ್ನೇ ಗುರುತು ಮಾಡುತ್ತಾರೆ. ಪ್ಯಾಸೇಜ್‌ನ ಪದ ಇರುವ ಆಪ್ಷನ್ ಯಾವಾಗಲೂ ತಪ್ಪು ಅನ್ನುವ ಅವರ ನಂಬಿಕೆಯನ್ನು ಮುರಿಯಿರಿ. ಕೆಲವು ಕಡೆ ಸರಿ ಉತ್ತರದಲ್ಲೂ ಪ್ಯಾಸೇಜ್‌ನ ಪದವೇ ಇರಲಿ. ‘ಆಲ್ವೇಸ್’ ಇರುವ ಒಂದು ಆಪ್ಷನ್ ನಿಜಕ್ಕೂ ಸರಿಯಾಗಿರಲಿ. ಇದು ಮಕ್ಕಳನ್ನು ಬೀಳಿಸುವ ಹೊಂಚಲ್ಲ. ತಂತ್ರ ಕೆಲಸ ಮಾಡದ ಕಡೆ ಅವರು ಓದಲೇಬೇಕಾಗುತ್ತದೆ, ನಮಗೆ ಬೇಕಾದದ್ದೂ ಅದೇ.

ಲಿಸನಿಂಗ್ ಪ್ರಶ್ನೆ, ಆಪ್ಷನ್ ಎಲ್ಲ ಚಿಕ್ಕದಾಗಿರಬೇಕು. ಐದು ಸೆಕೆಂಡಿನಲ್ಲಿ ಓದಲಾಗದಷ್ಟು ಉದ್ದ ಇದ್ದರೆ ಅದು ರೀಡಿಂಗ್ ಪರೀಕ್ಷೆಯೇ ಆಗಿಬಿಡುತ್ತದೆ. ಉತ್ತರ ಸಿಗುವ ಕ್ರಮ ಆಡಿಯೊದ ಕ್ರಮದಲ್ಲೇ ಇರಲಿ.

ಅದೃಷ್ಟದ ಪಾಲನ್ನೂ ಲೆಕ್ಕ ಹಾಕಿ. ಗಾವೊಕಾವೊ ಲಿಸನಿಂಗ್‌ನಲ್ಲಿ ಮೂರು ಆಪ್ಷನ್, 20 ಪ್ರಶ್ನೆ. ಏನೂ ಕೇಳದೆ ಗುರುತು ಹಾಕಿದರೂ ಸರಾಸರಿ 10 ಅಂಕ ಬರುತ್ತದೆ. ರೀಡಿಂಗ್‌ನ 15 ಪ್ರಶ್ನೆಗೆ ನಾಲ್ಕು ಆಪ್ಷನ್. ಅಲ್ಲೂ ಸುಮ್ನೆ ಗುರುತು ಹಾಕಿದವನಿಗೆ 37.5ರಲ್ಲಿ ಸುಮಾರು 9 ಅಂಕ. ಹಾಗಾಗಿ ಲಿಸನಿಂಗ್‌ನಲ್ಲಿ 12 ತೆಗೆದವನಿಗೆ ‘ಸ್ವಲ್ಪ ಬರುತ್ತದೆ’ ಅಂತ ಬರೆಯಬೇಡಿ. ಅವನಿಗೆ ಏನೂ ಕೇಳಿಸದೇ ಇರಬಹುದು.

ಇದಕ್ಕೆ ಪರಿಹಾರ ಅಂದರೆ ಕೆಲವು ಪ್ರಶ್ನೆಗಳಿಗಾದರೂ ಆಪ್ಷನ್ ಕೊಡದೆ ಒಂದು ಸಾಲಿನ ಉತ್ತರ ಬರೆಸುವುದು. ಆ ಉತ್ತರವನ್ನು ಚೀನೀ ಭಾಷೆಯಲ್ಲಿ ಬರೆಯಲು ಬಿಡಿ. ನೀವು ಅಳೆಯುತ್ತಿರುವುದು ಕೇಳಿ, ಓದಿ ತಿಳಿಯುವುದನ್ನು, ಇಂಗ್ಲಿಷ್ ಬರೆಯುವುದನ್ನಲ್ಲ. ತಿದ್ದಲು ಚೀನೀ ಸಹೋದ್ಯೋಗಿಯ ನೆರವು ಪಡೆಯಿರಿ. ಇಬ್ಬರು ಬೇರೆ ಬೇರೆಯಾಗಿ ತಿದ್ದಿ ಹೋಲಿಸಿದರೆ ಇನ್ನೂ ಒಳ್ಳೆಯದು.

ಹೆಜ್ಜೆ 7: ಪ್ಯಾಸೇಜ್ ಮುಚ್ಚಿಟ್ಟು ನೋಡಿ

ಅರ್ಧ ಗಂಟೆಯ ಕೆಲಸ, ಆದರೆ ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಬೇರೆ ಶಾಲೆಯ ಅಥವಾ ಬೇರೆ ತರಗತಿಯ ಹತ್ತು ಮಕ್ಕಳಿಗೆ ಪ್ರಶ್ನೆ ಮತ್ತು ಆಪ್ಷನ್‌ಗಳನ್ನು ಮಾತ್ರ ಕೊಡಿ. ಪ್ಯಾಸೇಜ್ ಬೇಡ, ಆಡಿಯೊ ಬೇಡ. ನಾಲ್ಕು ಆಪ್ಷನ್ ಇದ್ದರೆ ಇಬ್ಬರು ಮೂವರು ಅದೃಷ್ಟದಿಂದ ಸರಿ ಹೇಳುತ್ತಾರೆ. ಆರೇಳು ಜನ ಸರಿ ಹೇಳಿದರೆ ಆ ಪ್ರಶ್ನೆ ಕೆಲಸಕ್ಕೆ ಬಾರದು. ತೆಗೆದುಹಾಕಿ ಅಥವಾ ಮತ್ತೆ ಬರೆಯಿರಿ. ಹೇಗೆ ಗೊತ್ತಾಯಿತು ಅಂತ ಅವರನ್ನೇ ಕೇಳಿ. ಖುಷಿಯಿಂದ ಹೇಳುತ್ತಾರೆ, ನಿಮಗೂ ಅವರ ತಂತ್ರಗಳ ಪರಿಚಯ ಆಗುತ್ತದೆ.

ಹೆಜ್ಜೆ 8: ಒಂದು ತರಗತಿಯಲ್ಲಿ ಪ್ರಯೋಗ ಮಾಡಿ, ಪ್ರಶ್ನೆಗಳನ್ನೇ ತಿದ್ದಿ

ಸುಮಾರು 50 ಮಕ್ಕಳ ತರಗತಿ ಸಾಕು. ಎಲ್ಲರ ಅಂಕವನ್ನು ಮೇಲಿಂದ ಕೆಳಗೆ ಜೋಡಿಸಿ. ಮೇಲಿನ 27 ಶೇಕಡಾ, ಕೆಳಗಿನ 27 ಶೇಕಡಾ ತೆಗೆದುಕೊಳ್ಳಿ. 50 ಜನಕ್ಕೆ ಅದು 14, 14 ಆಗುತ್ತದೆ. ಈಗ ಒಂದೊಂದು ಪ್ರಶ್ನೆಗೂ ಎರಡು ಗುಂಪಿನಲ್ಲಿ ಎಷ್ಟು ಜನ ಸರಿ ಬರೆದರು ಅಂತ ಎಣಿಸಿ. ಮೇಲಿನವರಲ್ಲಿ 12, ಕೆಳಗಿನವರಲ್ಲಿ 5 ಅಂದುಕೊಳ್ಳಿ. ವ್ಯತ್ಯಾಸ 7, ಅದನ್ನು 14ರಿಂದ ಭಾಗಿಸಿದರೆ 0.5. ಅಂದರೆ ಬಲ್ಲವರನ್ನೂ ಬಲ್ಲದವರನ್ನೂ ಚೆನ್ನಾಗಿ ಬೇರೆ ಮಾಡುವ ಪ್ರಶ್ನೆ. 0.3ಕ್ಕಿಂತ ಮೇಲಿದ್ದರೆ ಇಟ್ಟುಕೊಳ್ಳಿ. 0.2ಕ್ಕಿಂತ ಕೆಳಗಿದ್ದರೆ ಮತ್ತೆ ನೋಡಿ. ಮೇಲಿನವರಿಗಿಂತ ಕೆಳಗಿನವರೇ ಜಾಸ್ತಿ ಸರಿ ಬರೆದಿದ್ದರೆ ಮೊದಲು ನಿಮ್ಮ ಉತ್ತರ ಪಟ್ಟಿಯನ್ನೇ ಪರಿಶೀಲಿಸಿ. ಎರಡು ಸರಿ ಉತ್ತರ ಇರುವ ಪ್ರಶ್ನೆಗಳು ಸಿಗುವುದು ಇಲ್ಲೇ. ಚೆನ್ನಾಗಿ ಓದುವ ಮಗು ನೀವು ಯೋಚಿಸದ ಅರ್ಥವನ್ನು ಹಿಡಿದಿರುತ್ತದೆ.

ಜತೆಗೆ ಒಟ್ಟು ಎಷ್ಟು ಜನ ಸರಿ ಬರೆದರು ಅಂತಲೂ ನೋಡಿ. ಮೂರು ಆಪ್ಷನ್‌ನ ಲಿಸನಿಂಗ್ ಪ್ರಶ್ನೆಯನ್ನು ನೂರಕ್ಕೆ 35 ಜನ ಸರಿ ಮಾಡಿದರೆ ಅದು ಕಷ್ಟದ ಪ್ರಶ್ನೆ ಅಂತಲ್ಲ. ಎಲ್ಲರೂ ಊಹಿಸಿದ್ದಾರೆ ಅಂತ ಅರ್ಥ. ಯಾರೂ ಆರಿಸದ ಆಪ್ಷನ್ ಇದ್ದರೆ ಅದನ್ನು ಬದಲಾಯಿಸಿ.

ಹೆಜ್ಜೆ 9: ಪರೀಕ್ಷೆಯ ದಿನ

ಕೊನೆಯ ಬೆಂಚಿನಲ್ಲಿ ನೀವೇ ಕೂತು ಆಡಿಯೊ ಕೇಳಿ. ಫ್ಯಾನ್ ಸದ್ದು, ಶಾಲೆಯ ಗಂಟೆ, ಹೊರಗಿನ ಆಟದ ಮೈದಾನ ಎಲ್ಲ ಗಮನಿಸಿ. ಗಾವೊಕಾವೊದಲ್ಲಿ ಇಂಗ್ಲಿಷ್ ಪರೀಕ್ಷೆ ಮಧ್ಯಾಹ್ನ 3 ಗಂಟೆಗೆ, ಆದರೆ 2.45ರ ನಂತರ ಯಾರನ್ನೂ ಒಳಗೆ ಬಿಡುವುದಿಲ್ಲ. ಕಾರಣ ಲಿಸನಿಂಗ್. ನೀವೂ ಅದೇ ಶಿಸ್ತು ಇಡಿ. ಚೀನಾದಲ್ಲಿ ಗೂಗಲ್ ಫಾರ್ಮ್ಸ್, ಯೂಟ್ಯೂಬ್ ತೆರೆಯುವುದಿಲ್ಲ. ಆನ್‌ಲೈನ್ ಮಾಡುವುದಾದರೆ ವೆನ್‌ಜುವಾನ್‌ಶಿಂಗ್ ಎಂಬ ಸ್ಥಳೀಯ ತಾಣವನ್ನು ಹಲವು ಶಿಕ್ಷಕರು ಬಳಸುತ್ತಾರೆ. ಸಂಶೋಧನೆಗಾದರೆ ಶಾಲೆಯ ಮತ್ತು ಪೋಷಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಹೆಸರಿನ ಬದಲು ಸಂಖ್ಯೆ ಬಳಸಿ.

ಹೆಜ್ಜೆ 10: ಅಂಕವನ್ನು ಆಮೇಲೆ ತಿರುಚಬೇಡಿ

2018ರ ನವೆಂಬರ್‌ನಲ್ಲಿ ಝೆಜಿಯಾಂಗ್‌ನ ಇಂಗ್ಲಿಷ್ ಪರೀಕ್ಷೆ ಹಿಂದಿನದಕ್ಕಿಂತ ಕಷ್ಟವಾಗಿತ್ತು. ಅದನ್ನು ಸರಿದೂಗಿಸಲು ಅಧಿಕಾರಿಗಳು ಕೆಲವು ಪ್ರಶ್ನೆಗಳ ಅಂಕವನ್ನು ಪರೀಕ್ಷೆ ಮುಗಿದ ಮೇಲೆ ಹೆಚ್ಚಿಸಿದರು. ಒಬ್ಬೊಬ್ಬರಿಗೆ ಒಂದೊಂದು ರೀತಿ ಅಂಕ ಏರಿತು. ಪೋಷಕರು ಸಿಡಿದೆದ್ದರು, ಪ್ರಾಂತ್ಯ ಸರ್ಕಾರ ತನಿಖೆ ಮಾಡಿತು, ಡಿಸೆಂಬರ್‌ನಲ್ಲಿ ಆ ಅಂಕ ರದ್ದಾಗಿ ಮೂಲ ಅಂಕವೇ ಉಳಿಯಿತು.

ಇದು ಚಿಕ್ಕ ಪರೀಕ್ಷೆಗೂ ಅನ್ವಯಿಸುತ್ತದೆ. ಯಾವ ಪ್ರಶ್ನೆಗೆ ಎಷ್ಟು ಅಂಕ ಅನ್ನುವುದು ಮೊದಲೇ ನಿರ್ಧಾರ ಆಗಿರಬೇಕು. ವರ್ಷದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಪ್ರಗತಿ ಹೋಲಿಸುವುದಿದ್ದರೆ ಎರಡೂ ಪತ್ರಿಕೆಯಲ್ಲಿ ಐದಾರು ಪ್ರಶ್ನೆ ಒಂದೇ ಇಡಿ. ಆ ಪ್ರಶ್ನೆಗಳಲ್ಲಿ ಮಕ್ಕಳು ಹೇಗೆ ಮಾಡಿದರು ಅಂತ ನೋಡಿದರೆ ಪತ್ರಿಕೆ ಕಷ್ಟವಾಯಿತಾ, ಮಕ್ಕಳು ಹಿಂದೆ ಬಿದ್ದರಾ ಅಂತ ಗೊತ್ತಾಗುತ್ತದೆ. ಇದಕ್ಕಾಗಿ ಮೊದಲ ಪತ್ರಿಕೆಯನ್ನು ಮಕ್ಕಳಿಂದ ವಾಪಸ್ ತೆಗೆದುಕೊಳ್ಳಬೇಕು, ಫೋಟೊ ತೆಗೆಯಲು ಬಿಡಬಾರದು.

ಲಿಸನಿಂಗ್ ಅಂಕ, ರೀಡಿಂಗ್ ಅಂಕ ಸೇರಿಸಿ ಒಂದೇ ಸಂಖ್ಯೆ ಕೊಡಬೇಡಿ. 24 ಮತ್ತು 20 ತೆಗೆದವನೂ 14 ಮತ್ತು 30 ತೆಗೆದವನೂ ಒಂದೇ ಅಲ್ಲ. ರ‍್ಯಾಂಕ್ ಪಟ್ಟಿಯನ್ನು ಗೋಡೆಗೆ ಅಂಟಿಸಬೇಡಿ, ವೀಚಾಟ್ (ಅಲ್ಲಿನ ವಾಟ್ಸಾಪ್ ಥರದ ಆ್ಯಪ್) ಗುಂಪಿಗೆ ಹಾಕಬೇಡಿ. ಆ ವಯಸ್ಸಿನ ಮಕ್ಕಳ ಮೇಲೆ ಈಗಾಗಲೇ ಸಾಕಷ್ಟು ಭಾರ ಇದೆ.

ಹೆಜ್ಜೆ 11: ತೊಡಕು ಕಿವಿಯದಾ, ಭಾಷೆಯದಾ?

ಲಿಸನಿಂಗ್‌ನಲ್ಲಿ ತಪ್ಪಿದ ಪ್ರಶ್ನೆಗಳನ್ನು ಕೆಲವು ದಿನ ಬಿಟ್ಟು ಅದೇ ಮಕ್ಕಳಿಗೆ ಮತ್ತೆ ಕೊಡಿ. ಈ ಸಲ ಆಡಿಯೊ ಬೇಡ, ಅದರ ಬರಹರೂಪ ಕೊಡಿ. ಸರಿ ಉತ್ತರ ಏನು ಅಂತ ಈ ನಡುವೆ ಹೇಳಿರಬಾರದು. ಓದಿದಾಗ ಸರಿ ಬರೆದರೆ ತೊಡಕು ಕಿವಿಯದು. ಓದಿದರೂ ತಪ್ಪಿದರೆ ಪದ ಗೊತ್ತಿಲ್ಲ, ಇಲ್ಲವೇ ವಾಕ್ಯ ಬಿಡಿಸಲು ಬರುತ್ತಿಲ್ಲ. ಎರಡಕ್ಕೂ ಕಲಿಸುವ ದಾರಿ ಬೇರೆ.

ಕಿವಿಯ ತೊಡಕು ಇರುವವರಿಗೆ ಇನ್ನಷ್ಟು ಪ್ರಶ್ನೆಪತ್ರಿಕೆ ಕೊಡಬೇಡಿ. ಅದೇ ಆಡಿಯೊದ ಒಂದು ನಿಮಿಷದ ತುಣುಕು ತೆಗೆದುಕೊಂಡು ಕೇಳಿದ್ದನ್ನು ಬರೆಯಲು ಹೇಳಿ. ಎಲ್ಲಿ ಖಾಲಿ ಬಿಟ್ಟಿದ್ದಾರೆ ಅಂತ ನೋಡಿ. ಅಲ್ಲಿ ಇರುವುದು ಹೆಚ್ಚಾಗಿ ‘ಹ್ಯಾವ್’, ‘ಟು’, ‘ಆಫ್’ ಥರದ ಚಿಕ್ಕ ಪದಗಳು, ‘-ಎಡ್’ ಕೊನೆಗಳು, ಒಂದಕ್ಕೊಂದು ಅಂಟಿದ ಪದಗಳು. ಮತ್ತೆ ಕೇಳಿಸಿ, ಬರಹ ತೋರಿಸಿ, ಜೋರಾಗಿ ಹೇಳಿಸಿ. ವಾಕ್ಯದ ತೊಡಕು ಇರುವವರ ಜತೆ ಬರಹರೂಪವನ್ನೇ ಇಟ್ಟುಕೊಂಡು ಕೂರಿ. ಯಾವುದು ಯಾವುದರ ವಿವರಣೆ ಅಂತ ಅವರ ಕೈಯಿಂದಲೇ ಬಾಣದ ಗುರುತು ಹಾಕಿಸಿ. ಎರಡು ಮೂರು ತಿಂಗಳ ನಂತರ, ಮೊದಲೇ ಎತ್ತಿಟ್ಟ ಆ ಐದಾರು ಪ್ರಶ್ನೆಗಳನ್ನು ಹೊಸ ಪತ್ರಿಕೆಯೊಳಗೆ ಸೇರಿಸಿ ಕೊಡಿ.